ಹೊರನಾಡಿನವರು ತಂದ ಹಲಗೆ, ಘಟ್ಟ ಕಳಿಸಿದ ಮರಳು

2007ರ ಸುಮಾರಿಗೆ ಮಣಿಪಾಲಕ್ಕೆ ಓದಲು ಬಂದ ಜರ್ಮನಿಯ ವಿದ್ಯಾರ್ಥಿಯೊಬ್ಬ ಪುಸ್ತಕ, ಬಟ್ಟೆಗಳ ಜೊತೆಗೆ ಒಂದು ಸರ್ಫಿಂಗ್ ಹಲಗೆಯನ್ನೂ ತಂದಿದ್ದ. ಮುಂಬೈಯಿಂದ ಅಲ್ಲಿಗೇ ಓದಲು ಬಂದಿದ್ದ ಇಶಿತಾ ಮಾಳವೀಯ ಮತ್ತು ಅವರ ಗೆಳೆಯ ತುಷಾರ್ ಪತಿಯಾನ್ ಅವರಿಗೆ ಆ ಹಲಗೆಯೇ ಅಚ್ಚರಿ. ಹವಾಯಿಯಲ್ಲೋ ಆಸ್ಟ್ರೇಲಿಯಾದಲ್ಲೋ ಆಡುವ ಆಟಕ್ಕೆ ಉಡುಪಿಯ ಕಡಲಲ್ಲಿ ಏನು ಕೆಲಸ? ವಿಚಾರಿಸಿದಾಗ ಇನ್ನೂ ದೊಡ್ಡ ಅಚ್ಚರಿ ಕಾದಿತ್ತು. ಅಲ್ಲಿಂದ ಒಂದು ತಾಸಿನ ದಾರಿಯ ಮುಲ್ಕಿಯಲ್ಲಿ ಒಂದು ಆಶ್ರಮ ಇದೆ, ಅಲ್ಲಿನ ಅಮೆರಿಕನ್ ಸನ್ಯಾಸಿಗಳು ಬೆಳಿಗ್ಗೆ ಜಪ ಮುಗಿಸಿ ಅಲೆ ಏರಲು ಹೋಗುತ್ತಾರೆ ಎಂಬ ಸುದ್ದಿ ಸಿಕ್ಕಿತು. ಇಬ್ಬರೂ ಹುಡುಕಿಕೊಂಡು ಹೋದರು, ಕಲಿತರು. ಶುರುವಿನಲ್ಲಿ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಹಲಗೆ. ಮುಂದೆ ಅವರು ಉಡುಪಿ ಸಮೀಪದ ಕೋಡಿ ಬೆಂಗ್ರೆಯಲ್ಲಿ ‘ಶಾಕಾ ಸರ್ಫ್ ಕ್ಲಬ್’ ಕಟ್ಟಿದರು. ಇಶಿತಾ ದೇಶದ ಮೊದಲ ಮಹಿಳಾ ಸರ್ಫರ್ ಎಂದು ಹೆಸರಾದರು.

ಕರ್ನಾಟಕದ ಕಡಲಿಗೆ ಸರ್ಫಿಂಗ್ ಬಂದದ್ದು ಹೀಗೆ, ಊರು ಬಿಟ್ಟು ಬಂದವರ ಸಾಮಾನಿನ ಜೊತೆಗೆ. ಯಾವ ಇಲಾಖೆಯೂ ಯೋಜನೆ ಹಾಕಲಿಲ್ಲ, ಯಾವ ಕಂಪನಿಯೂ ಜಾಹೀರಾತು ಕೊಡಲಿಲ್ಲ. ಪರದೇಶದಲ್ಲಿ ನೆಲೆಸಿದವರು ರಜೆಯ ದಿನ ಗೆಳೆಯರನ್ನು ಕಟ್ಟಿಕೊಂಡು ಕಡಲಿಗೆ ಹೋದರು, ದಡದಲ್ಲಿ ನಿಂತು ನೋಡಿದ ಊರ ಹುಡುಗರು ಕಲಿತರು.

ಮುಲ್ಕಿಯ ಆ ಸನ್ಯಾಸಿಗಳ ಗುರುವಿನ ಪೂರ್ವಾಶ್ರಮದ ಹೆಸರು ಜ್ಯಾಕ್ ಹೆಬ್ನರ್. ಅಮೆರಿಕದ ಫ್ಲಾರಿಡಾದವರು, 1960ರ ದಶಕದಿಂದಲೇ ಅಲೆಗಳ ಮೇಲೆ ಬೆಳೆದವರು. ಗೌಡೀಯ ವೈಷ್ಣವ ಪಂಥಕ್ಕೆ ಸೇರಿ ಸನ್ಯಾಸ ಪಡೆದು ಸ್ವಾಮಿ ನರಸಿಂಹ ಎನಿಸಿಕೊಂಡರು. ಊರು, ಹೆಸರು, ಉಡುಗೆ, ಊಟ ಎಲ್ಲವೂ ಬದಲಾಗಿದ್ದರೂ ಹಲಗೆಯೊಂದನ್ನು ಅವರು ಬಿಟ್ಟಿರಲಿಲ್ಲ. 2004ರಲ್ಲಿ ಶಾಂಭವಿ ನದಿಯ ದಡದಲ್ಲಿ ಅವರೂ ಶಿಷ್ಯರೂ ಸೇರಿ ‘ಮಂತ್ರ ಸರ್ಫ್ ಕ್ಲಬ್’ ಆರಂಭಿಸಿದರು. ಕಲಿಯಲು ಬಂದವರು ಆಶ್ರಮದ ಕಟ್ಟಳೆಗೆ ಒಳಪಡಬೇಕಿತ್ತು: ಸಸ್ಯಾಹಾರ, ಮದ್ಯವಿಲ್ಲ, ಸಿಗರೇಟಿಲ್ಲ. ಕಡಲತೀರದ ಪ್ರವಾಸವೆಂದರೆ ಬಿಯರ್ ಬಾಟಲಿ ಎಂದುಕೊಂಡಿದ್ದ ಪಟ್ಟಣದ ಯುವಕರಿಗೆ ಇದು ಹೊಸ ಬಗೆಯ ಪ್ರವಾಸ. ಜಗತ್ತಿನ ಸರ್ಫಿಂಗ್ ಪತ್ರಿಕೆಗಳು ಇವರನ್ನು ‘ಸರ್ಫಿಂಗ್ ಸ್ವಾಮಿ’ ಎಂದು ಕರೆದವು. ಬಪ್ಪನಾಡು ದುರ್ಗಾಪರಮೇಶ್ವರಿಗೂ ಕಂಬಳಕ್ಕೂ ಹೆಸರಾಗಿದ್ದ ಮುಲ್ಕಿ ಅಲೆಯಾಟದ ನಕ್ಷೆಯ ಮೇಲೂ ಬಂದಿತು.

ಈ ಆಟದ ಇತಿಹಾಸವನ್ನು ಹಿಂದಕ್ಕೆ ತಿರುವಿದರೆ ಇದೇ ಕಥೆ ಮತ್ತೆ ಮತ್ತೆ ಸಿಗುತ್ತದೆ. ಹಲಗೆಯ ಮೇಲೆ ನಿಂತು ಅಲೆ ಏರುವುದು ಹವಾಯಿ ದ್ವೀಪಗಳ ವಿದ್ಯೆ. ಅರಸರಿಂದ ಹಿಡಿದು ಮೀನುಗಾರರವರೆಗೆ ಅಲ್ಲಿ ಎಲ್ಲರೂ ಆಡುತ್ತಿದ್ದರು. 1885ರಲ್ಲಿ ಹವಾಯಿ ರಾಜಮನೆತನದ ಮೂವರು ಸಹೋದರರು, ಡೇವಿಡ್ ಕವನನಕೋವಾ, ಎಡ್ವರ್ಡ್ ಕೆಲಿಯಾಹೊನುಯಿ ಮತ್ತು ಜೋನಾ ಕುಹಿಯೊ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೆಯೊದ ವಸತಿಶಾಲೆಯಲ್ಲಿ ಓದುತ್ತಿದ್ದರು. ಬೇಸಿಗೆ ರಜೆಗೆ ಸ್ಯಾಂಟಾ ಕ್ರೂಜ್‌ಗೆ ಬಂದವರು ಅಲ್ಲಿನ ರೆಡ್‌ವುಡ್ ಮರದಲ್ಲೇ ತಮ್ಮೂರಿನ ಮಾದರಿಯ ಹಲಗೆ ಮಾಡಿಸಿ, ಸ್ಯಾನ್ ಲೊರೆಂಜೊ ನದಿ ಕಡಲು ಸೇರುವಲ್ಲಿ ನೀರಿಗಿಳಿದರು. ಅಮೆರಿಕದ ಮುಖ್ಯ ನೆಲದಲ್ಲಿ ಸರ್ಫಿಂಗ್ ನಡೆದ ಮೊದಲ ದಾಖಲೆ ಅದು, ಹಾಸ್ಟೆಲ್ ಹುಡುಗರ ರಜೆಯ ಆಟ.

ಮೂರು ದಶಕಗಳ ಬಳಿಕ ಸರದಿ ಆಸ್ಟ್ರೇಲಿಯಾದ್ದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದಿದ್ದ ಹವಾಯಿಯ ಡ್ಯೂಕ್ ಕಹನಮೊಕು ಈಜು ಪ್ರದರ್ಶನಕ್ಕೆಂದು ಸಿಡ್ನಿಗೆ ಹೋಗಿದ್ದರು. ಹಲಗೆ ಒಯ್ದಿರಲಿಲ್ಲ. ಅಲ್ಲೇ ಸಿಕ್ಕ ಪೈನ್ ಮರವನ್ನು ಕೆತ್ತಿಸಿಕೊಂಡು ಫ್ರೆಶ್‌ವಾಟರ್ ತೀರದಲ್ಲಿ ಅಲೆ ಏರಿ ತೋರಿಸಿದರು. 1915ರ ಜನವರಿಯ ಪ್ರದರ್ಶನದಲ್ಲಿ ಇಸಬೆಲ್ ಲೆಥಮ್ ಎಂಬ 15ರ ಹುಡುಗಿಯನ್ನೂ ಅದೇ ಹಲಗೆಯ ಮೇಲೆ ನಿಲ್ಲಿಸಿಕೊಂಡು ಬಂದರು. ಆ ಹಲಗೆ ಇಂದಿಗೂ ಫ್ರೆಶ್‌ವಾಟರ್‌ನ ಕ್ಲಬ್‌ನಲ್ಲಿದೆ. ಸ್ಯಾಂಟಾ ಕ್ರೂಜ್‌ನಲ್ಲಿ ವಿದ್ಯಾರ್ಥಿಗಳು, ಸಿಡ್ನಿಯಲ್ಲಿ ಅತಿಥಿ, ಮುಲ್ಕಿಯಲ್ಲಿ ಸನ್ಯಾಸಿ, ಮಣಿಪಾಲದಲ್ಲಿ ಮತ್ತೆ ವಿದ್ಯಾರ್ಥಿ.

ಸ್ಯಾಂಟಾ ಕ್ರೂಜ್, ಮುಲ್ಕಿ, ಕೋಡಿ ಬೆಂಗ್ರೆ ಮೂರಕ್ಕೂ ಇನ್ನೊಂದು ಸಾಮ್ಯವಿದೆ. ಮೂರೂ ಅಳಿವೆಗಳು, ಅಂದರೆ ನದಿ ಕಡಲು ಸೇರುವ ಜಾಗಗಳು. ಇದು ಕಾಕತಾಳೀಯವಲ್ಲ. ದೂರದ ಸಾಗರದಲ್ಲಿ ಗಾಳಿ ಎಬ್ಬಿಸಿದ ಅಲೆ ಆಳದ ನೀರಿನಲ್ಲಿ ಸದ್ದಿಲ್ಲದೆ ಸಾವಿರಾರು ಕಿಲೋಮೀಟರ್ ಸಾಗಿ ಬರುತ್ತದೆ. ದಡದ ಹತ್ತಿರ ತಳ ತಗುಲಿದಾಗ ಅದರ ಕೆಳಭಾಗದ ವೇಗ ಕುಗ್ಗುತ್ತದೆ, ಮೇಲ್ಭಾಗ ಏರುತ್ತದೆ. ನೀರಿನ ಆಳ ಅಲೆಯ ಎತ್ತರದ ಒಂದೂಕಾಲು ಪಟ್ಟಿನಷ್ಟಕ್ಕೆ ಇಳಿದಾಗ ಅಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ತಳ ಎಲ್ಲ ಕಡೆ ಒಂದೇ ಸಮ ಇದ್ದರೆ ಇಡೀ ಅಲೆ ಒಮ್ಮೆಗೇ ಕುಸಿಯುತ್ತದೆ, ಸರ್ಫರ್‌ಗೆ ಜಾರಲು ದಾರಿಯೇ ಇರುವುದಿಲ್ಲ. ಅಳಿವೆಯಲ್ಲಿ ನದಿ ತಂದು ಸುರಿದ ಮರಳು ದಿಬ್ಬವಾಗಿ ಕೂತಿರುತ್ತದೆ. ಅಲೆ ಮೊದಲು ಆ ದಿಬ್ಬದ ಮೇಲೆ ಒಡೆದು, ಅಲ್ಲಿಂದ ಪಕ್ಕಕ್ಕೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹಾಗೆ ಪಕ್ಕಕ್ಕೆ ಬಿಚ್ಚುವ ಅಲೆಯೇ ಸರ್ಫರ್‌ನ ಹಾದಿ.

ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುವ ನದಿಗಳು ಸುವರ್ಣಾ ಮತ್ತು ಸೀತಾ. ಸೀತಾ ಹುಟ್ಟುವುದು ಆಗುಂಬೆಯ ಆಚೆಯ ನರಸಿಂಹ ಪರ್ವತದ ಮಗ್ಗುಲಲ್ಲಿ. ಬರ್ಕಣ ಜಲಪಾತವಾಗಿ ಘಟ್ಟ ಇಳಿಯುವ ಈ ನದಿ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಸೀಮೆಯ ಕಲ್ಲುಮಣ್ಣನ್ನು ಕೊಚ್ಚಿ ಕಡಲಿಗೆ ಒಯ್ಯುತ್ತದೆ. ಬೆಟ್ಟ ಹತ್ತುವವರ ಮತ್ತು ಅಲೆ ಏರುವವರ ಲೋಕ ಬೇರೆ ಬೇರೆ ಎಂದು ಕಂಡರೂ ಚಾರಣಿಗ ಮೆಟ್ಟಿದ ಮಣ್ಣೇ ಸರ್ಫರ್‌ನ ಅಲೆಗೆ ಆಕಾರ ಕೊಡುತ್ತದೆ.

ಕರಾವಳಿ ಕರ್ನಾಟಕದಲ್ಲಿ ಒಂದೇ ಪ್ರವಾಸದಲ್ಲಿ ಚಾರಣ, ಸರ್ಫಿಂಗ್ ಎರಡನ್ನೂ ಕೂಡಿಸುವ ಅನುಕೂಲವೂ ಇದೆ. ಇಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಒಂದು ಹಗಲಿನ ದಾರಿಯೂ ಇಲ್ಲ. ಶೃಂಗೇರಿ ಬಳಿಯ ಕಿಗ್ಗದಿಂದ ನರಸಿಂಹ ಪರ್ವತದ ಚಾರಣ ಹೊರಡುತ್ತದೆ. ಮಳೆ ದೇವರೆಂದು ನಂಬಿಕೆಯುಳ್ಳ ಋಷ್ಯಶೃಂಗೇಶ್ವರನ ದೇವಸ್ಥಾನ ಇರುವುದೂ ಅದೇ ಕಿಗ್ಗದಲ್ಲಿ. ಬೆಟ್ಟ ಇಳಿದು ಆಗುಂಬೆ ಘಾಟಿ ಹಿಡಿದರೆ ಹೆಬ್ರಿ, ಉಡುಪಿ ದಾಟಿ ಕಡಲು. ಉತ್ತರಕ್ಕೆ ಹೋದರೆ ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಗುಡ್ಡದ ಕಾಲುದಾರಿಗಳು ಪೋಣಿಸಿವೆ. ಒಂದು ಕಡೆ ಕಾಡು, ಇನ್ನೊಂದು ಕಡೆ ನೀರು ನೋಡುತ್ತ ನಡೆಯಬಹುದಾದ ಈ ದಾರಿಯನ್ನು ಪ್ರಸಿದ್ಧಗೊಳಿಸಿದವರಲ್ಲೂ ಇಲ್ಲಿ ತಿಂಗಳುಗಟ್ಟಲೆ ತಂಗುತ್ತಿದ್ದ ವಿದೇಶಿಯರ ಪಾಲು ದೊಡ್ಡದು.

ಘಟ್ಟದ ಮೇಲಿನ ಚಿಕ್ಕಮಗಳೂರು ಜಿಲ್ಲೆಯ ಬುಕ್ಕಾಂಬುಧಿ ಕಡೆಯವರಿಗಂತೂ ಬೆಟ್ಟ ಹೊಸದಲ್ಲ. ಅಜ್ಜಂಪುರ ತಾಲ್ಲೂಕಿನ ಈ ಊರಿನ ಬೆಟ್ಟ ಉಜ್ಜಯಿನಿ ಪೀಠದ ಸಿದ್ಧಲಿಂಗ ಜಗದ್ಗುರುಗಳ ತಪೋಭೂಮಿ ಎಂದು ಹೆಸರಾದದ್ದು. ಇಲ್ಲಿ ಹತ್ತುವವರ ಬೆನ್ನಿಗೆ ಚಾರಣದ ಚೀಲವಿರುವುದಿಲ್ಲ, ಕೈಯಲ್ಲಿ ಹಣ್ಣುಕಾಯಿ ಇರುತ್ತದೆ. ತರೀಕೆರೆಯ ಆಚೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ. ಅದರಾಚೆ ಬಾಬಾಬುಡನ್‌ಗಿರಿ ಸಾಲು, ರಾಜ್ಯದ ಅತಿ ಎತ್ತರದ ಶಿಖರವಾದ, ಸುಮಾರು 1,930 ಮೀಟರ್‌ನ ಮುಳ್ಳಯ್ಯನಗಿರಿ. ಈ ಸಾಲೇ ಪಡುವಣ ಮಳೆಯನ್ನು ತಡೆದು ಅಜ್ಜಂಪುರ, ಕಡೂರುಗಳನ್ನು ಬಯಲುಸೀಮೆಯಾಗಿ ಉಳಿಸಿದೆ. ಹದಿನೇಳನೇ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಯೆಮನ್‌ನ ಮೋಖಾ ಬಂದರಿನಿಂದ ಬಾಬಾಬುಡನ್ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬುದು ನಂಬಿಕೆ. ಕಡಲು ದಾಟಿ ಬಂದವರೊಬ್ಬರು ಜೊತೆಗೆ ತಂದ ವಸ್ತು ನೆಲದ ಬದುಕನ್ನೇ ಬದಲಿಸಿದ ಕಥೆ ಈ ಜಿಲ್ಲೆಗೆ ಬಲು ಹಳೆಯದು.

ಈಗ ಬೆಟ್ಟಕ್ಕೂ ಲೆಕ್ಕಾಚಾರ ಬಂದಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಮುಗಿಬಿದ್ದ ದೃಶ್ಯ ಎಲ್ಲರ ಮೊಬೈಲ್‌ಗಳಲ್ಲಿ ಹರಿದಾಡಿತು. ಅರಣ್ಯ ಇಲಾಖೆ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆ ತಂದು ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಆದ್ದರಿಂದ ಕುದುರೆಮುಖ, ನರಸಿಂಹ ಪರ್ವತದಂಥ ಕಾಡಿನ ಹಾದಿಗಳಿಗೆ ಗೆಳೆಯರ ಗುಂಪು ಹೊರಡುವ ಮೊದಲು ಟಿಕೆಟ್ ನೋಡಿಕೊಳ್ಳಬೇಕು.

ಕಡಲಿಗೆ ಅಂಥ ಗೇಟಿಲ್ಲ, ಅಪಾಯ ಇರುವುದೂ ಅಲ್ಲೇ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಘಟ್ಟದ ಮೇಲಿನಿಂದ ಇಳಿದು ಬರುವವರು ನೀರನ್ನು ಅರಿತಿರುವುದು ಕೆರೆ, ಕಾಲುವೆ, ಬಾವಿಗಳಲ್ಲಿ. ಕೆರೆಯ ನೀರಿಗೆ ಆಳವಿದೆ, ಸೆಳೆತವಿಲ್ಲ. ಕಡಲಲ್ಲಿ ಮೊಣಕಾಲುದ್ದದ ನೀರೂ ಎಳೆಯುತ್ತದೆ.

ಆ ಸೆಳೆತದ ಗುಟ್ಟು ಸರಳ. ಅಲೆಗಳು ದಡಕ್ಕೆ ತಂದು ತುಂಬಿದ ನೀರು ಹಿಂದಿರುಗಲೇಬೇಕು. ಮರಳ ದಿಬ್ಬಗಳ ನಡುವಿನ ತಗ್ಗು ಸಿಕ್ಕಲ್ಲಿ ಅದು ಒಟ್ಟಾಗಿ ನುಗ್ಗುತ್ತದೆ. ವಿಪರ್ಯಾಸವೆಂದರೆ ಅಲ್ಲಿ ಅಲೆ ಒಡೆಯುವುದಿಲ್ಲ. ಅಕ್ಕಪಕ್ಕದ ನೊರೆಯ ನಡುವೆ ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುವ ಪಟ್ಟೆಯೇ ಅದು. ಈಜು ಬಾರದವರು ‘ಇಲ್ಲಿ ಅಲೆಯಿಲ್ಲ’ ಎಂದು ಆರಿಸಿಕೊಳ್ಳುವುದೂ ಅದೇ ಜಾಗವನ್ನು. ಸಿಕ್ಕಿಬಿದ್ದವರು ದಡದತ್ತ ನೇರ ಈಜಿದರೆ ಸೋಲುತ್ತಾರೆ, ಎಂಥ ಈಜುಗಾರನನ್ನಾದರೂ ಆ ಪ್ರವಾಹ ದಣಿಸುತ್ತದೆ. ಗಾಬರಿಯಾಗದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಇರುವ ಕಡೆಗೆ ಬಂದು ಅಲೆಯ ಜೊತೆ ದಡ ಸೇರಬೇಕು. ಸರ್ಫರ್‌ಗಳು ಇದೇ ಸೆಳೆತವನ್ನು ತಿಳಿದೇ ಬಳಸುತ್ತಾರೆ. ಅಲೆ ಒಡೆಯುವ ಸಾಲಿನಾಚೆಗೆ ಹೋಗಲು ಅದು ಅವರಿಗೆ ಬಿಟ್ಟಿ ಸವಾರಿ.

ಇನ್ನೊಂದು ಅಪಾಯ ದೂರದಿಂದ ಬರುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಕೆಲವು ದಿನಗಳ ನಂತರ ನಮ್ಮ ಪಡುಕರಾವಳಿಗೆ ಅಪ್ಪಳಿಸುತ್ತವೆ. ಇಲ್ಲಿ ಬಿಸಿಲು, ಗಾಳಿಯ ಸುಳಿವೂ ಇಲ್ಲ, ಆದರೂ ಕಡಲು ಉಕ್ಕಿ ದಡ ನುಂಗುತ್ತದೆ. ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕಡಲ್’ ಎನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ‘ಇಂಕಾಯಿಸ್’ ಈಗ ಇದರ ಮುನ್ಸೂಚನೆ ಕೊಡುತ್ತದೆ. ಮೊಗವೀರ ಮೀನುಗಾರರ ಕೇರಿಯ ಹಿರಿಯರನ್ನು ಒಂದು ಮಾತು ಕೇಳುವುದು, ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯುವುದು, ಜೀವರಕ್ಷಕರ ಸಿಳ್ಳೆಗೆ ಕಿವಿಗೊಡುವುದು, ಇಷ್ಟು ಪಾಲಿಸಿದರೂ ಮುರುಡೇಶ್ವರದಂಥ ದುರಂತಗಳು ಎಷ್ಟೋ ತಪ್ಪುತ್ತವೆ.

ಕಲಿಯಲು ಹೊರಟವರಿಗೆ ಮೊದಲ ಪಾಠ ಮರಳಿನ ಮೇಲೆ. ಹಲಗೆಯ ಮೇಲೆ ಬೋರಲು ಮಲಗಿ ಕೈಗಳಿಂದ ಹುಟ್ಟು ಹಾಕುವುದು, ಎದೆಯ ಪಕ್ಕ ಅಂಗೈ ಊರಿ ಒಂದೇ ನೆಗೆತಕ್ಕೆ ನಿಲ್ಲುವುದು. ಎಂಟೊಂಬತ್ತು ಅಡಿಯ ಮೃದು ಫೋಮ್ ಹಲಗೆ ಹೊಸಬರಿಗೆ ತಕ್ಕದ್ದು, ಬಿದ್ದು ತಲೆಗೆ ತಾಗಿದರೂ ಪೆಟ್ಟು ಕಡಿಮೆ. ಹಲಗೆಯನ್ನು ಕಾಲಿಗೆ ಕಟ್ಟಿದ ಹಗ್ಗ ಅದು ಇನ್ನೊಬ್ಬರ ಮೇಲೆ ಹಾಯದಂತೆ ತಡೆಯುತ್ತದೆ. ನೀರಿನಲ್ಲಿ ಸೊಂಟದ ಆಳ ದಾಟದೆ, ಒಡೆದು ಬಂದ ಬಿಳಿನೊರೆಯ ಅಲೆಯಲ್ಲೇ ಅಭ್ಯಾಸ. ನಿಲ್ಲುವ ಸಮಯ ಕ್ಷಣಗಳ ಲೆಕ್ಕದ್ದು, ಕೈಬೀಸುವ ಸಮಯ ತಾಸುಗಳದ್ದು. ಮರುದಿನ ನೋಯುವುದು ಕಾಲಲ್ಲ, ಭುಜ. ಅಲೆಯ ಮೇಲೂ ಒಂದು ಶಿಸ್ತಿದೆ: ಒಂದು ಅಲೆಗೆ ಒಬ್ಬ, ಅಲೆ ಒಡೆಯುವ ತುದಿಗೆ ಯಾರು ಹತ್ತಿರವೋ ಅವರಿಗೇ ಮೊದಲ ಹಕ್ಕು.

ಬಂದವರಿಂದ ಕಲಿತ ವಿದ್ಯೆ ಈಗ ಊರವರದ್ದಾಗಿದೆ. ಮಂತ್ರ ಸರ್ಫ್ ಕ್ಲಬ್‌ನಲ್ಲಿ ಕಲಿತ ಮಂಗಳೂರು ಕಡೆಯ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡಲ್ ಸ್ಪರ್ಧೆಯಲ್ಲಿ ದೇಶವನ್ನು ಪ್ರತಿನಿಧಿಸಿದರು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ 2016ರ ಮೇ ತಿಂಗಳಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಮೊದಲ ಸ್ಪರ್ಧೆ ನಡೆಯಿತು. 2022ರಲ್ಲಿ ಅದು ಪಣಂಬೂರಿನಲ್ಲಿ, 2024ರಲ್ಲಿ ಮತ್ತೆ ಸಸಿಹಿತ್ಲಿನಲ್ಲಿ. ಮೇ ಕೊನೆಯನ್ನೇ ಆರಿಸಿಕೊಳ್ಳುವುದಕ್ಕೂ ಕಾರಣವಿದೆ. ಮುಂಗಾರಿನ ಮುನ್ನ ಅಲೆ ದೊಡ್ಡದಾಗುತ್ತದೆ, ಆದರೆ ಕಡಲು ಇನ್ನೂ ಕೈಮೀರಿರುವುದಿಲ್ಲ. ಜೂನ್ ಹಿಡಿದರೆ ಯಾಂತ್ರೀಕೃತ ದೋಣಿಗಳಿಗೇ 61 ದಿನ ರಜೆ.

ರಮೇಶ್ ಬೂದಿಹಾಳ್ ಅವರ ಕಥೆಯಲ್ಲಿ ಊರು ಬಿಟ್ಟವರೂ ಕನ್ನಡಿಗರೇ. ಬದುಕು ಹುಡುಕಿಕೊಂಡು ಕರ್ನಾಟಕದಿಂದ ಕೇರಳದ ಕೋವಳಂಗೆ ಹೋದ ಅವರ ಕುಟುಂಬ ಅಲ್ಲಿ ಪ್ರವಾಸಿಗರಿಗೆ ಕರಕುಶಲ ವಸ್ತು ಮಾರುತ್ತಿತ್ತು. ಬೆಲ್ಜಿಯಂನಿಂದ ಬಂದು ಅಲ್ಲಿ ಉಳಿದ ಯೆಲ್ಲೆ ರಿಗೋಲ್ ಕಟ್ಟಿದ ಕೋವಳಂ ಸರ್ಫ್ ಕ್ಲಬ್ ತೀರದ ಬಡ ಮಕ್ಕಳಿಗೆ ಹಲಗೆ ಕೊಡುತ್ತಿತ್ತು, ಜೊತೆಗೆ ಶಾಲೆಗೆ ಹೋಗಲೇಬೇಕೆಂಬ ಷರತ್ತನ್ನೂ ಹಾಕಿತ್ತು. ರಮೇಶ್ ಅಲ್ಲಿ ಕಲಿತರು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದು, ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯರಾದರು. ಬೆಲ್ಜಿಯಂನವನಿಂದ ಕೇರಳದ ಕಡಲಲ್ಲಿ ಹವಾಯಿಯ ವಿದ್ಯೆ ಕಲಿತ ಕನ್ನಡದ ಹುಡುಗ!

ಊರು ಬಿಟ್ಟು ಬರುವವರ ಈ ಹೊಳೆ ಈಗ ಎದುರು ದಿಕ್ಕಿಗೂ ಹರಿಯುತ್ತಿದೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ತೋಟದ ಮನೆಗಳ ಮಕ್ಕಳೂ ಓದು, ಕೆಲಸವೆಂದು ಕಡಲಾಚೆ ಹೋಗುವ ಕಾಲ ಇದು. 1973ರಷ್ಟು ಹಿಂದೆಯೇ ಕ್ಯಾಲಿಫೋರ್ನಿಯಾದಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಹುಟ್ಟಿತು. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದವರಿಗೆ ಫ್ರೀಮಾಂಟ್‌ನ ಮಿಷನ್ ಪೀಕ್ ಶನಿವಾರದ ಬೆಟ್ಟ. ಎತ್ತರ 2,517 ಅಡಿ, ಮುಳ್ಳಯ್ಯನಗಿರಿಯ ಅರ್ಧಕ್ಕೂ ಕಡಿಮೆ. ಬೆಟ್ಟ ಬೇಸರವಾದರೆ ಗುಡ್ಡದ ಹೆದ್ದಾರಿ 17 ಹಿಡಿದು ಇಳಿದಾಗ ಸಿಗುವುದು ಅದೇ ಸ್ಯಾಂಟಾ ಕ್ರೂಜ್, ಹವಾಯಿಯ ರಾಜಕುಮಾರರು ಅಲೆ ಏರಿದ ತೀರ.

ಅರಬ್ಬಿ ಸಮುದ್ರಕ್ಕೆ ಒಗ್ಗಿದವರಿಗೆ ಅಲ್ಲಿ ಮೊದಲ ಪೆಟ್ಟು ಕೊಡುವುದು ಚಳಿ. ನಮ್ಮ ಕರಾವಳಿಯ ನೀರು 27–30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದರೆ ಅಲ್ಲಿ ವರ್ಷದ ಬಹುಪಾಲು 10ರಿಂದ 15. ರಬ್ಬರಿನ ವೆಟ್‌ಸೂಟ್ ಇಲ್ಲದೆ ಹೆಚ್ಚು ಹೊತ್ತು ನಿಲ್ಲಲಾಗದು. ಆ ಉಡುಪನ್ನು ಸರ್ಫರ್‌ಗಳ ನಡುವೆ ಜನಪ್ರಿಯಗೊಳಿಸಿದ ಜ್ಯಾಕ್ ಓನೀಲ್ 1952ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದು, ಮುಂದೆ ಸ್ಯಾಂಟಾ ಕ್ರೂಜ್‌ಗೆ ಬಂದರು. ಎರಡನೆಯದು, ಅಲ್ಲಿನ ತೀರಗಳಲ್ಲಿ ಬಹಳ ಹೊತ್ತು ಸಣ್ಣ ಅಲೆ ಬಂದು ಥಟ್ಟನೆ ಒಂದು ಭಾರಿ ಅಲೆ ದಡದ ಮೇಲಕ್ಕೆ ನುಗ್ಗುವುದುಂಟು. ಬಂಡೆಯ ಮೇಲೆ ಕಡಲಿಗೆ ಬೆನ್ನು ಹಾಕಿ ಫೋಟೊಗೆ ನಿಲ್ಲಬೇಡಿ ಎಂದು ಅಲ್ಲಿನ ಫಲಕಗಳು ಎಚ್ಚರಿಸುತ್ತವೆ. ಈ ಮಾತು ಗೋಕರ್ಣದ ಬಂಡೆಗಳಿಗೂ ಅಷ್ಟೇ ಸಲ್ಲುತ್ತದೆ.

ಹೀಗೆ ಕೈಯಿಂದ ಕೈಗೆ ದಾಟಿ ಬಂದ ಆಟ ಈಗ ದೊಡ್ಡ ಕ್ರೀಡಾಕೂಟಗಳಿಗೂ ಏರಿದೆ. ಟೋಕಿಯೊ ಒಲಿಂಪಿಕ್ಸ್‌ಗೆ ಮೊದಲ ಬಾರಿ ಸೇರಿದ ಸರ್ಫಿಂಗ್‌ಗೆ 2024ರ ಪ್ಯಾರಿಸ್ ಕೂಟದಲ್ಲಿ ಪ್ಯಾರಿಸ್ಸಿನಿಂದ ಬಲುದೂರದ ತಾಹಿತಿ ದ್ವೀಪದ ಟೆಯಾಹುಪೊ ಅಂಕಣವಾಯಿತು. 2026ರ ಐಚಿ–ನಗೋಯಾ ಏಷ್ಯನ್ ಕ್ರೀಡಾಕೂಟದ ಪಟ್ಟಿಗೂ ಅದು ಮೊದಲ ಬಾರಿ ಸೇರಿದೆ. ಇತ್ತ ಮುಲ್ಕಿ, ಸಸಿಹಿತ್ಲು, ಕೋಡಿ ಬೆಂಗ್ರೆ, ಗೋಕರ್ಣಗಳಲ್ಲಿ ಹೊಸಬರ ತರಗತಿಗಳು ಮಳೆಗಾಲ ತಗ್ಗಿದ ಮೇಲೆ ಶುರುವಾಗಿ ಮೇವರೆಗೆ ನಡೆಯುತ್ತವೆ. ಬುಕ್ಕಾಂಬುಧಿಯ ಕಡೆಯಿಂದ ಹೊರಡುವವರು ತರೀಕೆರೆ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಇಳಿಯಬಹುದು. ಅಲೆ ಸಣ್ಣದಾಗಿ, ನೀರು ತಿಳಿಯಾಗಿ ಇರುವ ಡಿಸೆಂಬರ್–ಫೆಬ್ರವರಿ ಕಲಿಕೆಗೆ ಸುಲಭ. ಅಲೆಯ ಮೇಲೆ ನಿಲ್ಲಲು ಬಂದವರು ಏಪ್ರಿಲ್ ಕಾಯುತ್ತಾರೆ.